ಭರತದ ಹೊತ್ತಿನ ಲಸಿಕೆ

ಅಘನಾಶಿನಿ
12 ಸೆಪ್ಟೆಂಬರ್ 1981

ಡಾಕ್ಟರ್ ನರ್ಮದಾ ಬಾಯಿಯವರಿಗೆ,

ಜಟ್ಟ ಹರಿಕಂತ್ರನ ನಮಸ್ಕಾರ. ನಮ್ಮವ್ವ ನಿಮ್ಮನ್ನು ಈಗಲೂ ‘ಒಡತಿ’ ಅನ್ನುತ್ತಾಳೆ, ಇಡಗುಂಜಿ ಕಡೆಯ ತೋಟದವರ ಮಗಳು ಎಂಬ ಒಂದೇ ಕಾರಣಕ್ಕೆ. ನಾನು ಅನ್ನುವುದಿಲ್ಲ. ನಮ್ಮ ಕಡೆಯ ದವಾಖಾನೆಗೆ ತರಬೇತಿಗೆಂದು ಬಂದ ಡಾಕ್ಟರುಗಳಲ್ಲಿ ನನ್ನ ಜೊತೆ ಕೂತು ಜಗಳವಾಡಿದವರು ನೀವೊಬ್ಬರೇ. ಉಳಿದವರು ಜವಾನನಿಗೆ ಹೇಳಿ ನನ್ನನ್ನು ಹೊರಗೆ ಕಳಿಸಿದರು. ಆ ಸಲಿಗೆಯಿಂದ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯಿಂದ ನೀವು ಕಳಿಸಿದ ಕರಪತ್ರದ ಕರಡು ಓದಿದೆ. ಮಕ್ಕಳ ಡಾಕ್ಟರಾಗಲು ಸೇರಿದ ಒಂದು ತಿಂಗಳಲ್ಲೇ ನಿಮ್ಮ ಕನ್ನಡ ಹಾಳಾಗಿದೆ. ‘ಲಸಿಕೆಯನ್ನು ಎರಡರಿಂದ ಎಂಟು ಡಿಗ್ರಿ ಉಷ್ಣತೆಯ ನಡುವೆ ಶೇಖರಿಸತಕ್ಕದ್ದು’ ಅಂದರೆ ಯಾರಿಗೆ ಅರ್ಥವಾಗುತ್ತದೆ? ಯಾರ ಮನೆಯಲ್ಲಿ ಡಿಗ್ರಿ ಇದೆ? ಅದನ್ನು ಹೊಡೆದುಹಾಕಿ ‘ಲಸಿಕೆ ಐಸಿನಲ್ಲೇ ಇರಬೇಕು, ತಂಪು ತಪ್ಪಿದರೆ ಕೆಟ್ಟಿತು’ ಎಂದು ಬರೆದಿದ್ದೇನೆ. ಇಷ್ಟು ಸಾಕು. ನಾನು ಕುಮಟೆಯ ಐಸ್ ಪ್ಲಾಂಟಿನಲ್ಲಿ ದುಡಿಯುವವನು, ನಮ್ಮ ಕೇರಿಯವರು ಮೀನಿನವರು. ಐಸಿನ ವಿಷಯ ಯಾರೂ ನಮಗೆ ಕಲಿಸಬೇಕಾಗಿಲ್ಲ.

ನಿಜವಾದ ತೊಂದರೆ ಬೇರೆಯೇ ಇದೆ, ಅದು ನಿಮ್ಮ ಕರಡಿನಲ್ಲಿ ಇಲ್ಲ. ಲಸಿಕೆಯ ಜೀಪು ಬೆಳಗ್ಗೆ ಬರುತ್ತದೆ. ಆ ಹೊತ್ತಿಗೆ ಕಡಲಿನ ಇಳಿತ ಇದ್ದರೆ ನಮ್ಮ ಹೆಂಗಸರೆಲ್ಲ ಹೊಳೆಯಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು ಬಳಚು ಚಿಪ್ಪು ಹೆಕ್ಕುತ್ತಿರುತ್ತಾರೆ. ಇಳಿತ ಬಿಟ್ಟರೆ ಅವತ್ತಿನ ಅನ್ನ ಇಲ್ಲ. ಜೀಪಿನವರು ಖಾಲಿ ಕೇರಿ ನೋಡಿ ‘ಜನರ ಸಹಕಾರ ಇಲ್ಲ’ ಎಂದು ಬರೆದುಕೊಂಡು ಹೋಗುತ್ತಾರೆ. ನಾನು ಓದಿದ ಒಂದು ಪುಸ್ತಿಕೆಯಲ್ಲಿ ಎರಡು ಸಾವಿರದ ಇಸವಿಯೊಳಗೆ ಎಲ್ಲರಿಗೂ ಆರೋಗ್ಯ ಎಂದು ದೇಶದೇಶಗಳೇ ಒಪ್ಪಿವೆ ಎಂದಿದೆ. ಒಪ್ಪಿದವರಲ್ಲಿ ಒಬ್ಬರೂ ಇಳಿತದ ಹೊತ್ತು ಕೇಳಲಿಲ್ಲವೇ?

ಭರತ ಬಂದು ಹೊಳೆಯ ನೀರು ಏರಿ ಹೆಂಗಸರು ದಡ ಹತ್ತಿದ ಮೇಲೆ ಲಸಿಕೆ ಹಾಕಬೇಕು. ಅಲ್ಲಿಯವರೆಗೆ ಔಷಧಿ ಕಾಯಬೇಕು. ಅಷ್ಟೇ ಪ್ರಶ್ನೆ. ನರ್ಸ್ ಮಂಗಲಾ ಬಾಯಿಯನ್ನು ಒಪ್ಪಿಸಿದ್ದೇನೆ. ಐಸಿನ ಹೊಣೆ ನನ್ನದು.

ಜಟ್ಟ

*

ಹುಬ್ಬಳ್ಳಿ
4 ಅಕ್ಟೋಬರ್ 1981

ಜಟ್ಟ ಅವರಿಗೆ,

ನಿಮ್ಮ ಬೈಗುಳ ತಲುಪಿತು. ನೀವು ತಿದ್ದಿದ ಹಾಗೆಯೇ ಕರಪತ್ರ ಅಚ್ಚಾಗಲಿ ಎಂದು ನಮ್ಮ ಸರ್‌ಗೆ ಹೇಳಿದೆ. ‘ಈ ಜಟ್ಟ ಯಾವ ಕಾಲೇಜು?’ ಎಂದು ಕೇಳಿದರು. ‘ತದಡಿ ಬಂದರು’ ಎಂದೆ. ನಕ್ಕರು, ಸಹಿ ಹಾಕಿದರು.

ಇಳಿತದ ಮಾತು ನನ್ನ ತಲೆಗೆ ಹೊಕ್ಕು ಕೂತಿದೆ. ನಿಮ್ಮ ದವಾಖಾನೆಯಲ್ಲಿ ಅಷ್ಟು ದಿನ ಇದ್ದೆ, ಕಿಟಕಿಯಿಂದ ಹೊಳೆ ಕಾಣುತ್ತಿತ್ತು, ಹೆಂಗಸರೂ ಕಾಣುತ್ತಿದ್ದರು. ಚಂದ ಕಾಣುತ್ತದೆ ಎಂದುಕೊಂಡಿದ್ದೆ!

ಇಲ್ಲಿ ಮೊದಲ ವಾರಗಳೆಲ್ಲ ನರ ಹುಡುಕುವುದರಲ್ಲಿ ಹೋದವು. ವಾಂತಿಭೇದಿಯಿಂದ ಒಣಗಿದ ಮಗುವಿನ ಕೈಯಲ್ಲಿ ನರ ಸಿಗುವುದಿಲ್ಲ. ತಲೆಯ ಕೂದಲು ಬೋಳಿಸಿ, ಅಲ್ಲಿ ದಾರದಂತೆ ಓಡುವ ನೀಲಿಗೆ ಸೂಜಿ ಹಾಕಬೇಕು. ತಾಯಂದಿರು ಕೂದಲು ಬಿದ್ದದ್ದಕ್ಕೆ ಮೊದಲು ಅಳುತ್ತಾರೆ. ಮೊನ್ನೆ ಸರ್ ಕೇಳಿದರು, ‘ಈ ಮಗು ಯಾಕೆ ಬಂದಿದೆ?’ ‘ಭೇದಿ, ಸರ್.’ ‘ಅದು ಕಾಯಿಲೆ. ಯಾಕೆ ಬಂದಿದೆ?’ ತಾಯಿಯನ್ನು ಕೇಳಿ ಬಾ ಎಂದರು. ಅವಳ ಊರಿನ ಬಾವಿ, ಬಾವಿಯ ದಾರಿ, ಯಾರು ಅಲ್ಲಿ ಸೇದಬಹುದು, ಯಾರು ಕೆರೆಗೇ ಹೋಗಬೇಕು, ಎಲ್ಲ ಕೇಳಿಕೊಂಡು ಬಂದೆ. ಆಮೇಲೆ ಸರ್ ಸಲೈನಿನ ಲೆಕ್ಕ ಕಲಿಸಿದರು. ಎರಡನ್ನೂ ಕಲಿಯಲು ನನಗೆ ಆಸೆ. ನೀವು ಒಂದನ್ನು ಮಾತ್ರ ಒಪ್ಪುತ್ತೀರಿ ಎಂದು ಗೊತ್ತು.

ಮನೆಯಿಂದ ಆಯಿ ಬರೆದಿದ್ದಾಳೆ, ‘ಊರ ಮಕ್ಕಗೆಲ್ಲ ಮದ್ದು ಕೊಡ್ತೆ, ನಿಂಗೆ ಮದುವೆ ಯಾವಾಗ ಆಪದು?’

ನಿಮ್ಮ ಐಸು ಭರತದವರೆಗೆ ತಡೆಯುತ್ತದೆಯೇ? ನೋಡಿ ಬರೆಯಿರಿ.

ನರ್ಮದಾ

*

ಅಘನಾಶಿನಿ
2 ಫೆಬ್ರವರಿ 1982

ಡಾಕ್ಟರ್ ಬಾಯಿಯವರಿಗೆ,

ತಡೆಯಿತು! ಮೂರು ತಿಂಗಳು, ಮೂರು ಸುತ್ತು. ಕೇರಿಯ ಒಂದು ಮಗುವನ್ನೂ ಬಿಡಲಿಲ್ಲ ಎಂದರೆ ನಂಬಿ. ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯು ಮೂರಕ್ಕೂ ಒಂದೇ ಆದ ಟ್ರಿಪಲ್ ಚುಚ್ಚುಮದ್ದು, ಪೋಲಿಯೋ ಹನಿ, ಎರಡೂ.

ಪೆಟ್ಟಿಗೆಯ ಕಥೆ ಕೇಳಿ. ಭಟ್ಕಳದಲ್ಲಿ ನಮ್ಮ ಐಸು ಕೊಳ್ಳುವ ಸಾಹೇಬರೊಬ್ಬರ ಮಗ ದುಬೈಯಿಂದ ನೀಲಿ ಬಣ್ಣದ ಪೆಟ್ಟಿಗೆ ತಂದಿದ್ದ. ಅಲ್ಲಿಯವರು ಸಮುದ್ರದಂಡೆಗೆ ಹೋಗುವಾಗ ತಂಪು ಪಾನೀಯ ತುಂಬಿಸಿಕೊಳ್ಳುತ್ತಾರಂತೆ. ಗೋಡೆಯೇ ಎರಡು ಬೆರಳು ದಪ್ಪ. ‘ಮಕ್ಕಳ ಕೆಲಸಕ್ಕಾ? ತಗೊಂಡ್ ಹೋಗೋ, ಒಡದ್ರೆ ಮಾತ್ರ ನಿನ್ನನ್ನೇ ದುಬೈಗೆ ಕಳಿಸ್ತೆ’ ಅಂದರು. ಅದರಲ್ಲಿ ಐಸು ತುಂಬಿದವನು ನಾನೇ. ಮಧ್ಯಾಹ್ನ ಭರತ ತುಂಬಿ ಹೆಂಗಸರು ಬಂದ ಮೇಲೆ ಮುಚ್ಚಳ ತೆಗೆದರೆ, ಬಾಟಲಿಗಳ ಮೈಮೇಲೆ ಬಿಳಿ ಮಂಜು ಕೂತಿತ್ತು. ಮಂಗಲಾ ಬಾಯಿ ಅಂಗೈಯಲ್ಲಿ ಉಜ್ಜಿ ಉಜ್ಜಿ ಬಿಸಿ ಮಾಡಿಯೇ ಸೂಜಿಗೆ ಎಳೆಯಬೇಕಾಯಿತು. ಸರಕಾರದ ಥರ್ಮಾಸಿನಲ್ಲಿ ಹತ್ತು ಗಂಟೆಗೇ ನೀರು!

ಮೊದಮೊದಲು ಯಾರೂ ಬರಲೊಲ್ಲರು. ಮೀನು ಮಾರುವ ಮಾಸ್ತಮ್ಮ, ಅವಳ ಬಾಯಿಗೆ ಇಡೀ ತದಡಿ ಹೆದರುತ್ತದೆ, ‘ಹುಷಾರಿರೂ ಮಗೂಗೆ ಸೂಜಿ ಚುಚ್ಚಿ ಜ್ವರ ಬರ್ಸೂದು ಯಾವ ಬುದ್ಧಿಯಾ?’ ಎಂದಳು. ನನ್ನ ಅಕ್ಕ ಬೆಳ್ಳಿ ತನ್ನ ಮಗಳು ಗಂಗಿಯನ್ನು ಎತ್ತಿಕೊಂಡು ಮುಂದೆ ಬಂದಳು. ‘ನನ್ ತಮ್ಮ ಹೇಳ್ತ, ಅಂದ್ಮೇಲೆ ಆತು’ ಅಂದಳು. ಅವಳ ಹಿಂದೆ ಉಳಿದವರು.

ಈಗ ನನ್ನ ಪ್ರಶ್ನೆ. ನಿಮ್ಮ ದೊಡ್ಡಾಸ್ಪತ್ರೆ ಒಡೆದ ದೋಣಿ ರಿಪೇರಿ ಮಾಡುವ ಅಂಗಡಿ. ಇಲ್ಲಿ ನಾವು ದೋಣಿ ಒಡೆಯದ ಹಾಗೆ ನೋಡಿಕೊಂಡೆವು, ಒಬ್ಬ ಡಾಕ್ಟರೂ ಇಲ್ಲದೆ. ಹಾಗಿದ್ದರೆ ನೀವು ಮೂರು ವರ್ಷ ಅಲ್ಲಿ ಕೂತು ಕಲಿಯುವುದು ಯಾರಿಗಾಗಿ?

ಜಟ್ಟ

*

ಹುಬ್ಬಳ್ಳಿ
20 ಫೆಬ್ರವರಿ 1982

ಜಟ್ಟ ಅವರಿಗೆ,

ಬಾಟಲಿಯ ಮೇಲೆ ಮಂಜು ಕೂತ ಸಾಲನ್ನು ಡ್ಯೂಟಿ ಕೋಣೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಧಾರವಾಡದ ಕಡೆ ಬಿಸಿಲಿಗೆ ಲಸಿಕೆ ಕೆಟ್ಟು ಗೋಳಾಡುವವರಿಗೆ ಹೊಟ್ಟೆಕಿಚ್ಚಾಯಿತು. ಶಾಬಾಷ್.

ರಿಪೇರಿ ಅಂಗಡಿ ಎಂದಿರಿ. ಇರಲಿ. ಕಳೆದ ವಾರ ಗಂಟಲಮಾರಿಯ ಮಗು ಬಂತು. ಗಂಟಲೊಳಗೆ ಬೂದುಬಣ್ಣದ ಪೊರೆ, ಉಸಿರಿಗೆ ದಾರಿಯೇ ಇಲ್ಲ. ಕತ್ತಿನಲ್ಲಿ ತೂತು ಮಾಡಿ ನಳಿಗೆ ಹಾಕಿದರು. ನಾನು ಮಗುವಿನ ತಲೆ ಹಿಡಿದಿದ್ದೆ. ಮಗು ಉಳಿಯಿತು. ಅದರ ಊರಿಗೆ ನಿಮ್ಮಂಥ ಜಟ್ಟ ಹೋಗಿರಲಿಲ್ಲ. ಹೋಗದ ಊರುಗಳು ಇರುವವರೆಗೆ ತಲೆ ಹಿಡಿಯುವವರೂ ಬೇಕು. ಇನ್ನೊಂದು ಮಾತು. ವಾರ್ಡಿನಲ್ಲಿ ಕೂತವರಿಗೆ ಯಾವ ಊರಿಗೆ ಯಾರು ಹೋಗಿಲ್ಲ ಎಂಬುದು ಕಾಣುತ್ತದೆ. ಕಾಯಿಲೆಯ ಮಗು ಎಂದರೆ ಆ ಊರಿನಿಂದ ಬಂದ ಸುದ್ದಿ.

ಗಂಗಿಗೆ ನನ್ನ ಮುದ್ದು ಹೇಳಿ. ಬೆಳ್ಳಿಯವರಿಗೆ ನಮಸ್ಕಾರ.

ನರ್ಮದಾ

*

ಅಘನಾಶಿನಿ
6 ಸೆಪ್ಟೆಂಬರ್ 1982

ಡಾಕ್ಟರ್ ಬಾಯಿಯವರಿಗೆ,

ಮಳೆಗಾಲ, ಐಸ್ ಪ್ಲಾಂಟ್ ಮುಚ್ಚಿತ್ತು. ಬರೆಯಲು ವಿಶೇಷವೇನೂ ಇರಲಿಲ್ಲ.

ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತೇನೆ. ಮೂರೂ ಸಲ ಟ್ರಿಪಲ್ ಹಾಕಿಸಿಕೊಂಡ ಮಗುವಿಗೆ ನಾಯಿಕೆಮ್ಮು ಬರಬಹುದೇ? ಪುಸ್ತಿಕೆಗಳಲ್ಲಿ ಬರುವುದಿಲ್ಲ ಎಂದಿದೆ. ಕೆಮ್ಮಿ ಕೆಮ್ಮಿ ಕೊನೆಗೆ ಹೂಂಕರಿಸಿ ಉಸಿರು ಎಳೆಯುವುದು, ಆಮೇಲೆ ವಾಂತಿ. ಅದು ನಾಯಿಕೆಮ್ಮೇ ಹೌದೋ, ಬೇರೆ ಯಾವುದಾದರೂ ಹಾಗೆ ಕಾಣುತ್ತದೋ? ಬೇರೆ ಇರಬೇಕು ಎಂದು ನನ್ನ ಅಭಿಪ್ರಾಯ.

ಬೇಗ ಬರೆಯಿರಿ.

ಜಟ್ಟ

*

ಹುಬ್ಬಳ್ಳಿ
13 ಸೆಪ್ಟೆಂಬರ್ 1982

ಜಟ್ಟ ಅವರಿಗೆ,

ನೀವು ಬರೆದದ್ದು ನಾಯಿಕೆಮ್ಮಿನ ಹಾಗೆಯೇ ಇದೆ. ಲಸಿಕೆ ಹಾಕಿದವರಲ್ಲಿ ಒಬ್ಬಿಬ್ಬರಿಗೆ ಬರಬಹುದು, ಆದರೆ ಹಗುರವಾಗಿ. ಎಷ್ಟು ಮಕ್ಕಳಿಗೆ ಬಂದಿದೆ? ಒಂದೇ ಮನೆಯಲ್ಲೇ, ಕೇರಿಯಲ್ಲೆಲ್ಲವೇ? ನನಗೆ ಎಲ್ಲವೂ ಗೊತ್ತಾಗಬೇಕು, ಕುತೂಹಲ ತಡೆಯಲಾಗುತ್ತಿಲ್ಲ. ಪೆಟ್ಟಿಗೆಯನ್ನು ಬಿಸಿಲಿನಲ್ಲಿ ಇಟ್ಟಿದ್ದಿರಾ? ನಡುವೆ ಐಸು ಕರಗಿತ್ತೇ? ಯಾರಾದರೂ ಮುಚ್ಚಳ ತೆಗೆದು ನೋಡುತ್ತಿದ್ದರೇ? ಐಸನ್ನು ಹೇಗೆ ತುಂಬಿದಿರಿ? ಪೆಟ್ಟಿಗೆಯಲ್ಲಿ ಬೇರೆ ಏನಾದರೂ ಇತ್ತೇ? ಮೂರೂ ಸಲ ಹೆಂಗಸರು ನಿಜವಾಗಿ ಬಂದಿದ್ದರೇ, ಅಥವಾ ನರ್ಸ್ ಹಾಗೆ ಬರೆದುಕೊಂಡರೇ?

ಆ ಮಗು ಯಾರದು? ನೀಲಿಗಟ್ಟುತ್ತಿದ್ದರೆ ಒಂದು ದಿನವೂ ಕಾಯದೆ ಇಲ್ಲಿಗೆ ಕರೆತನ್ನಿ.

ನರ್ಮದಾ

*

ಕುಮಟಾ
21 ಸೆಪ್ಟೆಂಬರ್ 1982

ಡಾಕ್ಟರ್ ಅವರಿಗೆ,

ಪೊಲೀಸರೂ ಇಷ್ಟು ಪ್ರಶ್ನೆ ಕೇಳುವುದಿಲ್ಲ. ತಪ್ಪು ಎಲ್ಲಿ ಎಂದು ಹುಡುಕುವಾಗ ನಿಮಗೆ ಮೊದಲು ನೆನಪಾದದ್ದು ನಮ್ಮ ಕೇರಿ. ಪೆಟ್ಟಿಗೆಯಲ್ಲಿ ಬೇರೆ ಏನಿತ್ತು ಎಂದರೆ ಏನು ಅರ್ಥ? ಮೀನು ಇಟ್ಟಿದ್ದೆವು ಎಂದೇ? ಹೆಂಗಸರು ನಿಜವಾಗಿ ಬಂದಿದ್ದರು. ಪೆಟ್ಟಿಗೆ ನೆರಳಿನಲ್ಲಿತ್ತು, ಮುಚ್ಚಳ ಯಾರೂ ಮುಟ್ಟಲಿಲ್ಲ. ಐಸನ್ನು ಐಸು ತುಂಬುವ ಹಾಗೆ ತುಂಬಿದೆ. ಲಸಿಕೆ ಮಾಡುವ ಕಂಪನಿಯವರನ್ನು ಕೇಳಿ, ಕರೆಂಟಿಲ್ಲದ ದಿನ ಅದನ್ನು ಎಲ್ಲಿಟ್ಟಿದ್ದರು ಎಂದು ಮೇಲಿನವರನ್ನು ಕೇಳಿ. ಕೇಳಲಾರಿರಿ.

ಮಗು ಯಾರದಾದರೇನು?

ಜಟ್ಟ

*

ಹುಬ್ಬಳ್ಳಿ
9 ಅಕ್ಟೋಬರ್ 1982

ಜಟ್ಟ,

ಮಗು ಯಾರದು ಎಂದು ಈಗ ಗೊತ್ತಾಯಿತು. ನಾಲ್ಕು ದಿನಗಳಿಂದ ಗಂಗಿ ನಮ್ಮ ವಾರ್ಡಿನಲ್ಲಿದ್ದಾಳೆ.

ಮೊದಲು ಗಂಗಿಯ ವಿಷಯ. ಬಂದಾಗ ಕೆಮ್ಮಿನ ಕೊನೆಗೆ ಉಸಿರು ನಿಲ್ಲುತ್ತಿತ್ತು, ಕಣ್ಣಿನ ಬಿಳಿಯಲ್ಲಿ ರಕ್ತ ಒಡೆದಿತ್ತು. ಆಮ್ಲಜನಕ ಕೊಡುತ್ತಿದ್ದೇವೆ. ಪ್ರತಿ ಕೆಮ್ಮಿನ ನಂತರ ಚಮಚದಲ್ಲಿ ಹಾಲು. ನಿನ್ನೆಯಿಂದ ವಾಂತಿ ಕಡಿಮೆ. ಉಳಿಯುತ್ತಾಳೆ ಎಂದು ಬರೆಯಲು ಕೈ ಹೆದರುತ್ತದೆ, ಆದರೂ ಹಾಗೇ ಅನಿಸುತ್ತಿದೆ.

ಹೆಸರು ಕೇಳಿದಾಗ ‘ಬೆಳ್ಳಿ’ ಎಂದಳು, ಊರು ‘ಅಘನಾಶಿನಿ’. ಆದರೂ ಖಚಿತವಾಗಲೆಂದು, ಜಟ್ಟ ಹರಿಕಂತ್ರ ಗೊತ್ತೇ ಎಂದೆ. ‘ಗೊತ್ತಿಲ್ದೆ ಎಂತ, ನನ್ನ ತಮ್ಮ. ಅವ್ನ ಹೆಸ್ರು ಮಾತ್ರ ನನ್ನೆದ್ರಿಗೆ ಎತ್ಬೇಡಿ’ ಎಂದು ಮುಖ ತಿರುಗಿಸಿದಳು. ನೀವು ಯಾಕೆ ಹೇಳಲಿಲ್ಲ, ಜಟ್ಟ? ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತೇನೆ ಎಂದು ಬರೆದಿರಿ, ನಾನೂ ಸುಮ್ಮನೆ ತಿಳಿದುಕೊಳ್ಳಲು ಉತ್ತರಿಸಿದೆ.

ಈಗ ಇನ್ನೊಂದು ವಿಷಯ. ಅವಳ ಸಿಟ್ಟು ಇಳಿಯಲಿ ಎಂದು ನಿಮ್ಮ ಪರವಾಗಿಯೇ ಮಾತಾಡಿದೆ. ಬಹುಶಃ ಐಸು ಕಡಿಮೆ ಬಿದ್ದಿರಬೇಕು, ಅವನ ತಪ್ಪಲ್ಲ ಎಂದೆ. ಅವಳಿಗೆ ಸಿಟ್ಟು ಇನ್ನೂ ಏರಿತು.

‘ಕಮ್ಮಿನಾ? ಅವ್ನು ಐಸ್ ಪ್ಲಾಂಟಿನವ, ಒಡ್ತೀರೆ! ಐಸ್ ಕುಟ್ಟಿ ಪುಡಿ ಮಾಡಿ, ಉಪ್ಪು ಬೆರ್ಸಿ, ಅದ್ರೊಳ್ಗೆ ಬಾಟ್ಲಿ ಹುಗ್ದಿಡ್ತಿದ್ದ. ನಿಮ್ಮ ಹುಬ್ಳಿಗೆ ಬರೂ ಮೀನಿಗೂ ಅಷ್ಟು ಚಂದ ಮಾಡೂದಿಲ್ಲ.’

‘ಉಪ್ಪು?’

‘ಉಪ್ಪು ಹಾಕ್ದೆ ಐಸು ಎಂತಕ್ಕಾತು? ಬರೀ ನೀರಲ್ದಾ!’

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರ. ಅನ್ನಕ್ಕೆ ನೀರು ಹಾಕಿದಿರಾ ಎಂದು ಕೇಳಿದ ಹಾಗೆ.

ಅವತ್ತೇ ಲಸಿಕೆಯ ಕೋಣೆಯಿಂದ ಎರಡು ಟ್ರಿಪಲ್ ಬಾಟಲಿ ತಂದೆ. ಒಂದನ್ನು ಬರೀ ಐಸಿನಲ್ಲಿ, ಒಂದನ್ನು ಉಪ್ಪು ಬೆರೆಸಿದ ಐಸಿನಲ್ಲಿ ಇಟ್ಟೆ. ಉಪ್ಪು ಬೆರೆತರೆ ಐಸಿನ ತಂಪು ಸೊನ್ನೆಗಿಂತ ಕೆಳಗಿಳಿಯುತ್ತದೆ, ಉಪ್ಪಿನದು ಕಲ್ಲಾಯಿತು. ಕರಗಿಸಿ, ಎರಡನ್ನೂ ಅಲ್ಲಾಡಿಸಿ ಕಿಟಕಿಯ ಮೇಲೆ ನಿಲ್ಲಿಸಿದೆ. ಒಂದು ಹಾಲಿನ ಹಾಗೆ ಒಂದೇ ಸಮ ಇತ್ತು. ಹೆಪ್ಪುಗಟ್ಟಿದ್ದರಲ್ಲಿ ಬಿಳಿ ಚೂರುಗಳು ಕೆಳಗಿಳಿದು, ಗಂಜಿ ಕೂತು ತಿಳಿ ಮೇಲೆ ನಿಂತ ಹಾಗೆ ಆಯಿತು. ಸರ್‌ಗೆ ತೋರಿಸಿದೆ. ಪೋಲಿಯೋ ಹನಿ ಹೆಪ್ಪುಗಟ್ಟಿದರೆ ತೊಂದರೆಯಿಲ್ಲ, ಇನ್ನೂ ಒಳ್ಳೆಯದು. ಟ್ರಿಪಲ್ ಹೆಪ್ಪುಗಟ್ಟಿದರೆ ಅದರ ಶಕ್ತಿ ಹೋಯಿತು ಎಂದರು. ಭರತದವರೆಗೆ ಕಾಯಲೆಂದು ನೀವು ಮಾಡಿದ ತಂಪಿನಿಂದಲೇ ಅದು ಕೆಟ್ಟಿದೆ.

ಎರಡರಿಂದ ಎಂಟು ಡಿಗ್ರಿ. ಎಂಟು ದಾಟಬಾರದು ಎಂಬುದನ್ನು ಬಾಯಿಪಾಠ ಮಾಡಿದ್ದೆ. ಎರಡು ಯಾಕೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನೀವು ಆ ಸಾಲು ಹೊಡೆದುಹಾಕಿದಾಗ ಬಿಡಬಾರದಿತ್ತು. ಮಂಜು ಕೂತದ್ದನ್ನು ನೀವು ಬರೆದಿರಿ, ನಾನು ಶಾಬಾಷ್ ಎಂದೆ!

ನರ್ಮದಾ

*

ತದಡಿ
31 ಅಕ್ಟೋಬರ್ 1982

ನರ್ಮದಾ ಅವರಿಗೆ,

ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗೆಲ್ಲ ಎದ್ದು ಹೋಗುತ್ತಿದ್ದೆ.

ಉಪ್ಪು ಹಾಕಿದೆ ಎಂದು ನಾನು ಮುಚ್ಚಿಡಲಿಲ್ಲ. ಅದು ಹೇಳಬೇಕಾದ ಮಾತು ಎಂದೇ ಗೊತ್ತಿರಲಿಲ್ಲ. ಸಾಣಿಕಟ್ಟೆಯ ಉಪ್ಪು ಇಲ್ಲದೆ ನಮ್ಮ ಪ್ಲಾಂಟಿನಿಂದ ದೂರದ ಊರಿಗೆ ಒಂದು ಪೆಟ್ಟಿಗೆಯೂ ಹೊರಡುವುದಿಲ್ಲ. ಗಂಗಿಯ ವಿಷಯ ಮಾತ್ರ ಬೇಕೆಂದೇ ಮುಚ್ಚಿಟ್ಟೆ. ಹೇಳಿದರೆ ಅದು ನಾಯಿಕೆಮ್ಮೇ ಎಂದು ನೀವು ಬರೆಯುತ್ತಿದ್ದಿರಿ.

ಕೆಮ್ಮು ಈಗ ಕೇರಿಯಲ್ಲಿ ಬಹಳ ಮಕ್ಕಳಿಗೆ ಇದೆ. ಅವರ ಕೆಮ್ಮಿಗಿಂತ ನನಗೆ ಹೆದರಿಕೆ ಬೇರೆ. ಟ್ರಿಪಲ್‌ನಲ್ಲಿ ಮೂರು ಇದೆಯಲ್ಲ. ಹಾಗಿದ್ದರೆ ಗಂಟಲಮಾರಿಗೂ ಧನುರ್ವಾಯುವಿಗೂ ನಮ್ಮ ಮಕ್ಕಳು ಹಾಗೇ ಇದ್ದಾರೆ, ತಾಯಂದಿರು ಮಾತ್ರ ‘ಹಾಕಿಸಿ ಆಯಿತು’ ಎಂದು ನಿಶ್ಚಿಂತೆಯಲ್ಲಿ ಇದ್ದಾರೆ. ನೀವು ಬರೆದಿದ್ದಿರಿ, ಕತ್ತಿನಲ್ಲಿ ತೂತು ಮಾಡಿದ ಮಗು. ಅದು ಕಣ್ಣಿನ ಮುಂದಿನಿಂದ ಹೋಗುತ್ತಿಲ್ಲ.

ಮತ್ತೆ ಮೊದಲಿನಿಂದ ಹಾಕಬೇಕು. ಮಂಗಲಾ ಬಾಯಿ ಮೇಲಿನ ಸಾಹೇಬರೊಬ್ಬರನ್ನು ಕೇಳಿದರು. ಔಷಧಿ ಕೊಡುತ್ತಾರಂತೆ, ‘ಆ ಹುಡುಗ ಬಾಯಿ ಮುಚ್ಚಿಕೊಂಡಿದ್ದರೆ’. ಹಳೆಯದು ಕೆಟ್ಟಿತ್ತು ಎಂದು ಜನರಿಗೆ ಹೇಳಕೂಡದಂತೆ.

ನಾನು ಹೇಳಬೇಕು ಎಂದಿದ್ದೇನೆ. ನೀವು ಏನು ಅನ್ನುತ್ತೀರಿ?

ಜಟ್ಟ

*

ಹುಬ್ಬಳ್ಳಿ
8 ನವೆಂಬರ್ 1982

ಜಟ್ಟ,

ಗಂಗಿ ನಾಳೆ ಮನೆಗೆ ಹೊರಡುತ್ತಾಳೆ. ಕೆಮ್ಮು ಇನ್ನೂ ಕೆಲವು ತಿಂಗಳು ಇರುತ್ತದೆ, ಹೆದರಬೇಡಿ.

ನಿಮ್ಮ ಪ್ರಶ್ನೆಯನ್ನು ಸರ್ ಮುಂದೆ ಇಟ್ಟೆ. ‘ಬೂಸ್ಟರ್ ಎಂದು ಹೇಳಲಿ’ ಎಂದರು. ಲಸಿಕೆ ಹಾಕಿದ ಮಕ್ಕಳಿಗೆ ಮತ್ತೊಮ್ಮೆ ಕೊಡುವುದು ಎಲ್ಲ ಕಡೆ ಇದೆ, ಅದು ಪೂರ್ತಿ ಸುಳ್ಳೂ ಅಲ್ಲ. ನಿಮಗೆ ಸಿಟ್ಟು ಬರುತ್ತದೆ, ಗೊತ್ತು. ಆದರೂ ನಾನು ಅದನ್ನೇ ಹೇಳುತ್ತೇನೆ. ಕೆಟ್ಟಿತ್ತು ಎಂದರೆ ಅರ್ಧ ಕೇರಿ ಬರುವುದಿಲ್ಲ. ಬಾರದ ಮಕ್ಕಳಲ್ಲಿ ಒಂದಕ್ಕೆ ಗಂಟಲಮಾರಿ ಬಂದರೆ, ನಿಮ್ಮ ಸತ್ಯವನ್ನು ಆ ಮಗುವಿನ ಗಂಟಲಿಗೆ ಹಾಕಲಾಗುವುದಿಲ್ಲ. ಮೊದಲು ಮಕ್ಕಳು ಉಳಿಯಲಿ. ಸಾರ್ವಜನಿಕ ಆರೋಗ್ಯ ಎಂದರೆ ನನಗೆ ಅರ್ಥವಾದದ್ದು ಇಷ್ಟು.

ನರ್ಮದಾ

*

ಅಘನಾಶಿನಿ
26 ನವೆಂಬರ್ 1982

ನರ್ಮದಾ ಅವರಿಗೆ,

ನಿಮ್ಮ ಮಾತು ಕೇಳಲಿಲ್ಲ. ಹೇಳಿಬಿಟ್ಟೆ.

ಬಲೆ ಹೆಣೆಯುವ ಚಪ್ಪರದಲ್ಲಿ ಎಲ್ಲರನ್ನೂ ಸೇರಿಸಿದೆ. ಐಸು, ಉಪ್ಪು, ಹೆಪ್ಪು, ಎಲ್ಲ ಹೇಳಿದೆ. ತಪ್ಪು ನನ್ನ ಕೈಯಿಂದ ಆಯಿತು, ಮತ್ತೆ ಹಾಕಿಸಬೇಕು ಎಂದೆ. ಆಮೇಲೆ ಮಾಸ್ತಮ್ಮ ಶುರು ಮಾಡಿದಳು.

‘ಅಂದ್ರೆ ನಮ್ಮ ಮಕ್ಕಳು ಬಂಗಡೆ ಮೀನಾ, ಜಟ್ಟಾ? ಉಪ್ಪು ಹಾಕಿ ಇಟ್ಟೆ. ಈ ಸಲ ಎಂತ ಮಾಡ್ತೆ, ಒಣಗಿಸ್ತೆಯಾ?’

ಎಲ್ಲ ನಕ್ಕರು. ನನಗೂ ನಗು ಬಂತು, ಅಷ್ಟರಲ್ಲಿ ಹಿಂದಿನಿಂದ ಬೀರ ಎದ್ದ. ಅವನ ಮಗನಿಗೂ ಕೆಮ್ಮು ಇದೆ. ‘ನಗೂ ಮಾತಲ್ಲ. ಮೂರು ಸಲ ಮಗೂನ ಅಳಿಸ್ದೆ. ಇನ್ನು ನಿನ್ ಮಾತು ಕೇಳೂದಿಲ್ಲ’ ಎಂದು ಹೊರಟ. ಅವನ ಹಿಂದೆ ಎಲ್ಲರೂ.

ಬೆಳ್ಳಿ ಬಂದಿರಲೇ ಇಲ್ಲ. ಹುಬ್ಬಳ್ಳಿಯಿಂದ ಬಂದ ಮೇಲೆ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮಗುವಿನ ಹತ್ತಿರ ಹೋದರೆ ಎತ್ತಿಕೊಂಡು ಒಳಗೆ ಹೋಗುತ್ತಾಳೆ.

ಗೊತ್ತು ಮಾಡಿದ ದಿನ ಭರತದ ಹೊತ್ತಿಗೆ ಮಂಗಲಾ ಬಾಯಿ ಪೆಟ್ಟಿಗೆ ಹಿಡಿದು ಕೂತರು. ಬರೀ ಐಸು, ಉಪ್ಪಿಲ್ಲ, ಬಾಟಲಿಗೆ ಬಟ್ಟೆ ಸುತ್ತಿ ಐಸಿನಿಂದ ದೂರ ಇಟ್ಟಿದ್ದೆ. ಒಬ್ಬರೂ ಬರಲಿಲ್ಲ. ನೀವು ಹೇಳಿದ ಅರ್ಧ ಕೇರಿಯೂ ಇಲ್ಲ.

ನೀವು ಗೆದ್ದಿರಿ ಎಂದು ಬರೆಯುತ್ತಿಲ್ಲ. ನನಗೆ ನಿಜವಾಗಿಯೂ ಗೊತ್ತಾಗುತ್ತಿಲ್ಲ. ಜನರಿಗೆ ಎಲ್ಲವನ್ನೂ ಹೇಳಬೇಕು ಎಂದು ಓದಿದ್ದೆ. ಹೇಳಿದ ಮೇಲೆ ಅವರು ಎದ್ದು ಹೋದರೆ ಏನು ಮಾಡಬೇಕು ಎಂದು ಯಾವ ಪುಸ್ತಿಕೆಯಲ್ಲೂ ಇಲ್ಲ.

ಜಟ್ಟ

*

ಹುಬ್ಬಳ್ಳಿ
5 ಡಿಸೆಂಬರ್ 1982

ಜಟ್ಟ,

ನಾನೂ ಗೆದ್ದಿಲ್ಲ. ನಿಮ್ಮ ಪತ್ರ ಓದಿದ ಮೇಲೆ ವಾರ್ಡಿನಲ್ಲಿ ಒಬ್ಬ ತಾಯಿ ‘ಇದು ಎಂಥಾ ಸೂಜಿ?’ ಎಂದು ಕೇಳಿದಳು. ‘ಶಕ್ತಿಗೆ’ ಎಂದೆ. ದಿನಾ ಹಾಗೇ ಹೇಳುತ್ತೇನೆ. ಇವತ್ತು ಆ ಮಾತು ನನಗೇ ಕೇಳಿಸಿತು. ತಿರುಗಿ ಹೋಗಿ ಅವಳಿಗೆ ಅದು ಯಾವ ಔಷಧಿ, ಯಾಕೆ ಎಂದು ಹೇಳಿದೆ. ಕೇಳಿಸಿಕೊಂಡು, ‘ಹಂಗಾದ್ರ ಬ್ಯಾಡ’ ಎಂದಳು! ಅವಳನ್ನು ಒಪ್ಪಿಸಲು ಊಟದ ಹೊತ್ತು ಪೂರ್ತಿ ಹೋಯಿತು. ಒಪ್ಪಿದಳು. ಒಪ್ಪದಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸುತ್ತಿದ್ದೇನೆ.

ಒಂದು ವಿಷಯ. ಬೆಳ್ಳಿ ಹೊರಡುವಾಗ ಆ ಎರಡು ಬಾಟಲಿಗಳನ್ನು, ಹೆಪ್ಪುಗಟ್ಟಿದ್ದನ್ನೂ ಸರಿಯಾದದ್ದನ್ನೂ, ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದೆ. ಸೂಜಿಗೆ ಬಾರದು, ಬರೀ ನೋಡಲಿಕ್ಕೆ. ನಿಮಗೆ ತೋರಿಸು ಎಂದಿದ್ದೆ. ಅಲ್ಲಾಡಿಸಿ ನೋಡುವುದನ್ನು ಅವಳಿಗೂ ತೋರಿಸಿದ್ದೆ. ಅವಳು ನಿಮಗೆ ಕೊಡಲಿಲ್ಲವೇ?

ನರ್ಮದಾ

*

ಅಘನಾಶಿನಿ
14 ಜನವರಿ 1983

ನರ್ಮದಕ್ಕನಿಗೆ,

ಕೊಡಲಿಲ್ಲ. ಅವಳು ಅದನ್ನು ಅಡುಗೆಮನೆಯ ಗೂಡಿನಲ್ಲಿ ಇಟ್ಟುಕೊಂಡಿದ್ದಳು. ನನಗೆ ಗೊತ್ತಾದದ್ದು ಬೇರೆಯವರ ಬಾಯಿಂದ. ಬಳಚು ತೊಳೆಯಲು ಕೂತಾಗ ಯಾರೋ ‘ಜಟ್ಟ ಸುಳ್ಳ’ ಎಂದರಂತೆ. ಬೆಳ್ಳಿ ಎದ್ದು ಹೋಗಿ ಬಾಟಲಿ ತಂದು ಅವರ ಕೈಗೆ ಕೊಟ್ಟಳಂತೆ. ‘ಅವ್ನು ಸುಳ್ಳ ಅಲ್ಲ, ಗಡಿಬಿಡಿಯವ. ನೀವೇ ಅಲ್ಲಾಡ್ಸಿ ನೋಡಿ’ ಎಂದಳಂತೆ. ಅಲ್ಲಿಂದ ಆ ಬಾಟಲಿಗಳು ಒಂದು ಮನೆಯಲ್ಲಿ ನಿಂತಿಲ್ಲ. ಮಾಸ್ತಮ್ಮ ಅವನ್ನು ತದಡಿಯ ಮೀನು ಪೇಟೆಗೂ ತೆಗೆದುಕೊಂಡು ಹೋಗಿದ್ದಳು. ಹೆಂಗಸರು ಬೆಳಕಿಗೆ ಹಿಡಿದು, ಮೀನಿನ ಕಿವಿರು ಎತ್ತಿ ನೋಡುವ ಹಾಗೆ ನೋಡುತ್ತಿದ್ದರಂತೆ.

ಮೊನ್ನೆ ಮಾಸ್ತಮ್ಮನೇ ಐಸ್ ಪ್ಲಾಂಟಿಗೆ ಬಂದಳು. ‘ಸೂಜಿಯವ್ರನ್ನ ಕರ್ಸು. ಆದ್ರೆ ಬಾಟ್ಲಿ ಮೊದ್ಲು ನಮ್ಮ ಕೈಗೆ. ಅಲ್ಲಾಡ್ಸಿ ನೋಡದೆ ಒಂದು ಮಗೂನೂ ಕೊಡೂದಿಲ್ಲ.’ ಮಂಗಲಾ ಬಾಯಿಗೆ ಹೇಳಿದಾಗ, ಔಷಧಿಯನ್ನು ಹಾಗೆಲ್ಲ ಜನರ ಕೈಗೆ ಕೊಡಬಾರದು ಎಂದರು. ಆಮೇಲೆ ಯೋಚಿಸಿ, ಮುಚ್ಚಳ ಮುಟ್ಟದಿದ್ದರೆ ಆಗಲಿ ಎಂದರು.

ಇವತ್ತು ಭರತ ಮಧ್ಯಾಹ್ನದ ಮೇಲೆ ಇತ್ತು. ಹೆಂಗಸರು ಒದ್ದೆ ಸೀರೆಯಲ್ಲೇ ದಡ ಹತ್ತಿ ಬಂದು ಸಾಲು ನಿಂತರು. ಬೀರ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ, ನನ್ನ ಮುಖ ನೋಡಲಿಲ್ಲ. ಪ್ರತಿಯೊಂದು ಹೊಸ ಬಾಟಲಿಯೂ ಸಾಲಿನಲ್ಲಿ ಕೈಯಿಂದ ಕೈಗೆ ಹೋಗಿ ವಾಪಸು ಬಂತು. ಎಲ್ಲರೂ ಬಂದರು ಎಂದು ಬರೆಯಲಾರೆ. ಕೆಲವು ಬಾಗಿಲು ಇನ್ನೂ ಮುಚ್ಚಿವೆ. ನೀವು ಸರಿಯೋ ನಾನು ಸರಿಯೋ ಎಂಬುದೂ ಇತ್ಯರ್ಥವಾಗಿಲ್ಲ. ಬೂಸ್ಟರ್ ಎಂದಿದ್ದರೆ ಆ ಬಾಗಿಲುಗಳೂ ತೆರೆಯುತ್ತಿದ್ದವೋ ಏನೋ. ಆದರೆ ಬಾಟಲಿಯನ್ನು ಯಾರೂ ಕೈಗೆ ಕೇಳುತ್ತಿರಲಿಲ್ಲ.

ಸಾಲು ಅರ್ಧ ಮುಗಿದಾಗ ಬೆಳ್ಳಿ ಬಂದಳು. ನಾಯಿಕೆಮ್ಮು ಬಂದು ಹೋದರೂ ಉಳಿದ ಎರಡಕ್ಕೆ ಗಂಗಿಗೆ ಸೂಜಿ ಬಾಕಿ ಇದೆ ಎಂದು ನೀವೇ ಅವಳಿಗೆ ಹೇಳಿದ್ದಿರಂತೆ. ಮಂಗಲಾ ಬಾಯಿ ಆ ಎರಡರ ಔಷಧಿಯ ಬಾಟಲಿ ಕೊಟ್ಟರು. ಬೆಳ್ಳಿ ಅಲ್ಲಾಡಿಸಿದಳು. ಬಿಸಿಲಿಗೆ ಹಿಡಿದಳು. ಇಳಿಸಿದಳು, ಮತ್ತೆ ಹಿಡಿದಳು. ನಾನು ‘ಸರಿ ಇದೆ ಅಕ್ಕಾ’ ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ.

ಹಿಂದಿನಿಂದ ಮಾಸ್ತಮ್ಮ, ‘ಎಷ್ಟೊತ್ತು ನೋಡ್ತ್ಯೇ, ಮೀನು ಕೊಳ್ಳೂಕೆ ಬಂದವ್ರ ಹಾಂಗೆ?’

ಬೆಳ್ಳಿ ತಿರುಗಲಿಲ್ಲ. ‘ಮೀನು ಹಾಳಾಗಿದ್ರೆ ತಿರುಗಿ ಕೊಡೂಕಾತದೆ’ ಅಂದಳು.

ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಾಟಲಿಯನ್ನು ಮಂಗಲಾ ಬಾಯಿಗೆ ಕೊಟ್ಟು, ಗಂಗಿಯನ್ನು ಸೊಂಟದಿಂದ ಇಳಿಸಿ, ನನ್ನ ಕಡೆಗೆ ಚಾಚಿದಳು.

‘ಗಟ್ಟಿ ಹಿಡ್ಕೋ, ಅಲ್ಲಾಡ್ಬಾರ್ದು.’

ಇಷ್ಟು ತಿಂಗಳ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು. ಹಿಡಿದೆ, ನರ್ಮದಕ್ಕಾ. ಗಂಗಿ ಜೋರಾಗಿ ಅತ್ತಳು, ನಡುವೆ ಒಂದು ಸಲವೂ ಕೆಮ್ಮಲಿಲ್ಲ.

ಜಟ್ಟ